ಸೀಟು ಇಲ್ಲ ಅಂದಮೇಲೆ: ಜರ್ಮನಿಯ ತಿರಸ್ಕಾರ ಪತ್ರಕ್ಕೆ ಮೇಲ್ಮನವಿ ಬರೆಯೋ ಪಾಠ

ಇದು ನಾನು ಗೆದ್ದ ಕಥೆಯಲ್ಲ. ಅದನ್ನ ಮೊದಲೇ ಹೇಳಿಬಿಡ್ತೀನಿ. ಆದರೆ ಸೋತ ದಾರಿಯಲ್ಲಿ ಕಲಿತದ್ದು ಬಹಳ ಇದೆ. ಈ ವರ್ಷ ಫೈನಲ್ ಇಯರ್‌ನಲ್ಲಿ ಇರೋರಿಗೆ, ಮುಖ್ಯವಾಗಿ ಎಂ.ಎಸ್. ಮಾಡೋಕೆ ಜರ್ಮನಿಗೆ ಹೋಗಬೇಕು ಅಂತ ಇರೋರಿಗೆ, ಇದು ಉಪಯೋಗಕ್ಕೆ ಬರಲಿ ಅಂತ ಬರೀತಿದ್ದೀನಿ.

ಡಿಗ್ರಿ ಮುಗಿಸಿದ ವರ್ಷದ ಆಗಸ್ಟ್. ಊರಲ್ಲಿ ಅಪ್ಪನ ಹಿಟ್ಟಿನ ಗಿರಣಿ ಮುಂದೆ ಕೂತಿದ್ದೆ. ಫೋನ್‌ಗೆ ಮೇಲ್ ಬಂತು, ಜೊತೆಗೆ ಎರಡು ಪುಟದ ಪಿಡಿಎಫ್. ಪೂರ್ತಿ ಜರ್ಮನ್ ಭಾಷೆಯಲ್ಲಿ. ಮೊದಲ ಪುಟವನ್ನ ಟ್ರಾನ್ಸ್‌ಲೇಟ್ ಆ್ಯಪ್‌ಗೆ ಹಾಕಿದೆ. 'ವಿಷಾದದಿಂದ ತಿಳಿಸುತ್ತೇವೆ' ಅನ್ನೋ ಸಾಲು ಕಂಡ ತಕ್ಷಣ ಫೋನ್ ಜೇಬಿಗೆ ಹಾಕಿಕೊಂಡೆ. ಎರಡನೇ ಪುಟ ತೆರೆಯಲೇ ಇಲ್ಲ. ಅಪ್ಪ ಮೈಮೇಲಿನ ಹಿಟ್ಟು ಕೊಡವುತ್ತಾ ಹೊರಗೆ ಬಂದು, "ಏನಂತೆ?" ಅಂದ್ರು. "ಇನ್ನೂ ಬಂದಿಲ್ಲ ಅಪ್ಪ" ಅಂದೆ. ಜರ್ಮನಿಯ ವೀಸಾಗೆ ಆಗ ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆ 11,904 ಯೂರೋ ತೋರಿಸಬೇಕಿತ್ತು. ಅದಕ್ಕೋಸ್ಕರ ಅಪ್ಪ ಆಗಲೇ ಬ್ಯಾಂಕಿಗೆ ನಾಲ್ಕು ಸಲ ಓಡಾಡಿದ್ರು.

ನಾಲ್ಕು ದಿನ ಸುಮ್ಮನಿದ್ದೆ. ಐದನೇ ದಿನ ರಾತ್ರಿ ಎದ್ದು ಕೂತು ಮೂರು ಪುಟದ ಮೇಲ್ ಬರೆದೆ. ಅಪ್ಪನ ಗಿರಣಿ, ನನ್ನ ಕನಸು, ಜರ್ಮನ್ ಇಂಜಿನಿಯರಿಂಗ್ ಮೇಲಿನ ನನ್ನ ಪ್ರೀತಿ ಎಲ್ಲವೂ ಅದರಲ್ಲಿತ್ತು. ಕಳಿಸಿದೆ. ಆ ಮೇಲ್ ಏಕೆ ಕೆಲಸಕ್ಕೆ ಬಾರದ್ದು ಅಂತ ಹೇಳಿದ್ದು ನಮ್ಮ ಡಿಪಾರ್ಟ್‌ಮೆಂಟಿನ ಸೀನಿಯರ್ ಅಕ್ಕ ಒಬ್ಬರು. ಅವರು ಆಗಲೇ ಜರ್ಮನಿಯಲ್ಲಿ ಓದ್ತಿದ್ರು. "ನೀನು ಬರೆದಿರೋದು ಅರ್ಜಿ ಕಣೋ, ಅಪೀಲ್ ಅಲ್ಲ. ಮೊದಲು ಎರಡನೇ ಪುಟ ಓದು" ಅಂದ್ರು.

ಪಾಠ ಅಲ್ಲಿಂದಲೇ ಶುರು.

ಎರಡನೇ ಪುಟದಲ್ಲಿ ಏನಿರುತ್ತೆ?

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯ ನಿಮಗೆ ಸೀಟು ಇಲ್ಲ ಅಂತ ಬರೆದ ಪತ್ರ ಬರೀ ಪತ್ರವಲ್ಲ, ಕಾನೂನಿನ ಪ್ರಕಾರ ಒಂದು ಆಡಳಿತಾತ್ಮಕ ಆದೇಶ. ಅದಕ್ಕೆ ಅಲ್ಲಿ 'ಬೆಶೈಡ್' ಅಂತಾರೆ. ನಮ್ಮ ತಹಶೀಲ್ದಾರ್ ಕಚೇರಿಯ ಆದೇಶ ಇದ್ದ ಹಾಗೆ. ಆದೇಶ ಅಂದಮೇಲೆ ಅದನ್ನ ಪ್ರಶ್ನಿಸೋ ಹಕ್ಕೂ ಇರಬೇಕಲ್ಲ? ಆ ಹಕ್ಕಿನ ವಿವರ ಪತ್ರದ ಕೊನೆಯಲ್ಲಿರುತ್ತೆ. ಆ ಭಾಗದ ಹೆಸರು 'ರೆಖ್ಟ್ಸ್‌ಬೆಹೆಲ್ಫ್ಸ್‌ಬೆಲೇರುಂಗ್'. ನಾಲಿಗೆ ಹೊರಳಿಸೋಕೆ ಕಷ್ಟ, ಆದರೆ ಅರ್ಥ ಸುಲಭ: ಈ ಆದೇಶ ಒಪ್ಪಿಗೆ ಇಲ್ಲದಿದ್ರೆ ಎಲ್ಲಿಗೆ, ಎಷ್ಟು ದಿನದೊಳಗೆ, ಯಾವ ರೂಪದಲ್ಲಿ ಹೋಗಬೇಕು ಅನ್ನೋ ಸೂಚನೆ.

ಅಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಬರೆದಿರುತ್ತೆ. ಒಂದು 'ವೀಡರ್‌ಶ್ಪ್ರುಖ್', ಅಂದ್ರೆ ಆದೇಶ ಹೊರಡಿಸಿದ ವಿಶ್ವವಿದ್ಯಾಲಯಕ್ಕೇ ಸಲ್ಲಿಸೋ ಲಿಖಿತ ಆಕ್ಷೇಪಣೆ. ಇನ್ನೊಂದು 'ಕ್ಲಾಗೆ', ಅಂದ್ರೆ ಆಡಳಿತ ನ್ಯಾಯಾಲಯದಲ್ಲಿ ದಾವೆ. ಜರ್ಮನಿಯ ಕೆಲವು ರಾಜ್ಯಗಳಲ್ಲಿ ಆಕ್ಷೇಪಣೆಯ ಹಂತವನ್ನ ಬಹುಮಟ್ಟಿಗೆ ತೆಗೆದುಹಾಕಿದ್ದಾರೆ, ಅಲ್ಲಿ ನೇರ ಕೋರ್ಟೇ ಗತಿ. ಹಾಗಾಗಿ ಗೆಳೆಯನ ಪತ್ರದಲ್ಲಿ ಏನಿತ್ತು ಅನ್ನೋದು ನಿಮಗೆ ಲೆಕ್ಕಕ್ಕಿಲ್ಲ, ನಿಮ್ಮ ಪತ್ರದಲ್ಲಿ ಏನಿದೆಯೋ ಅದೇ ನಿಮಗೆ ದಾರಿ.

ಗಡುವು ಒಂದು ತಿಂಗಳು. ಪತ್ರದಲ್ಲಿ ಈ ಸೂಚನೆಯೇ ಇಲ್ಲದಿದ್ರೆ ಅಥವಾ ತಪ್ಪಾಗಿದ್ರೆ, ಕಾನೂನಿನ ಪ್ರಕಾರ ಗಡುವು ಒಂದು ವರ್ಷಕ್ಕೆ ಏರುತ್ತೆ. ಹಾಗಂತ ಕಾಯಬೇಡಿ, ವರ್ಷ ಕಾದರೆ ಸೆಮಿಸ್ಟರ್ ಕಾಯಲ್ಲ. ಇನ್ನೊಂದು ಮಾತು ನೆನಪಿರಲಿ: ಆ ಒಂದು ತಿಂಗಳಲ್ಲಿ ನಿಮ್ಮ ಪತ್ರ ಅವರ ಕೈ ಸೇರಿರಬೇಕು. ಕೊನೆ ದಿನ ಇಲ್ಲಿ ಪೋಸ್ಟ್ ಮಾಡಿದ್ರೆ ನಡೆಯಲ್ಲ.

ಇದು ಯಾವ ಬಗೆಯ 'ಇಲ್ಲ'?

ಎಲ್ಲ ತಿರಸ್ಕಾರವೂ ಒಂದೇ ಅಲ್ಲ. ಮೇಲ್ಮನವಿ ಹಾಕೋ ಮೊದಲು ನಿಮ್ಮದು ಇವುಗಳಲ್ಲಿ ಯಾವುದು ಅಂತ ಗುರುತಿಸಿ.

1. ಅರ್ಹತೆ ಇಲ್ಲ ಅನ್ನೋದು. ಗಣಿತದಲ್ಲಿ ಕ್ರೆಡಿಟ್ ಸಾಲದು, ಗ್ರೇಡ್ ಸಾಲದು, ಭಾಷಾ ಸರ್ಟಿಫಿಕೇಟ್ ಸರಿಯಿಲ್ಲ ಇತ್ಯಾದಿ. ಇಲ್ಲಿ ಲೆಕ್ಕ ಇರುತ್ತೆ. ಲೆಕ್ಕ ಇದ್ದಲ್ಲಿ ತಪ್ಪು ಆಗಬಹುದು. ಮೇಲ್ಮನವಿಗೆ ನಿಜವಾದ ಜಾಗ ಇದೇ.

2. ಸೀಟು ತುಂಬಿದೆ ಅನ್ನೋದು. ಸೀಮಿತ ಸೀಟಿನ ಕೋರ್ಸುಗಳಲ್ಲಿ ರ‍್ಯಾಂಕ್ ಪಟ್ಟಿ ಇರುತ್ತೆ. ನಿಮ್ಮ ರ‍್ಯಾಂಕನ್ನೇ ತಪ್ಪು ಲೆಕ್ಕ ಹಾಕಿದ್ದಾರೆ ಅಂತ ತೋರಿಸಲಾಗದಿದ್ರೆ ಇಲ್ಲಿ ಆಕ್ಷೇಪಣೆಯಿಂದ ಹೆಚ್ಚೇನೂ ಆಗಲ್ಲ.

3. ಯೋಗ್ಯತಾ ಮೌಲ್ಯಮಾಪನದಲ್ಲಿ ಅಂಕ ಸಾಲದು ಅನ್ನೋದು. ಮೋಟಿವೇಶನ್ ಲೆಟರ್, ಪ್ರಬಂಧ, ಸಂದರ್ಶನ ನೋಡಿ ಪ್ರೊಫೆಸರ್‌ಗಳು ಕೊಟ್ಟ ಅಂಕ ಇದು. 'ನನ್ನ ಪ್ರಬಂಧ ಚೆನ್ನಾಗಿತ್ತು' ಅಂತ ವಾದ ಮಾಡಿ ಪ್ರಯೋಜನವಿಲ್ಲ. ಆ ತೀರ್ಮಾನದಲ್ಲಿ ಕೋರ್ಟು ಕೂಡ ಸುಲಭವಾಗಿ ಕೈ ಹಾಕಲ್ಲ. ನಿಯಮದಲ್ಲಿ ಹೇಳಿದ ವಿಧಾನವನ್ನೇ ಅವರು ಬಿಟ್ಟಿದ್ರೆ ಮಾತ್ರ ಕೇಳಬಹುದು.

4. ದಾಖಲೆ ಕೊಡಲಿಲ್ಲ ಅನ್ನೋದು. ಗಡುವಿನೊಳಗೆ ಅಪ್‌ಲೋಡ್ ಮಾಡಿದ್ದಕ್ಕೆ ಸಾಕ್ಷಿ ಇದ್ರೆ ಜಗಳ ಆಡಬಹುದು. ಮರೆತಿದ್ರೆ, ಗಡುವು ಮುಗಿದ ಮೇಲೆ ಕೊಟ್ಟದ್ದನ್ನ ಸಾಮಾನ್ಯವಾಗಿ ತಗೊಳಲ್ಲ.

'ಯೂನಿ-ಅಸಿಸ್ಟ್' ಮೂಲಕ ಅರ್ಜಿ ಹಾಕಿದವರಿಗೆ ಒಂದು ಮಾತು. ಅದು ದಾಖಲೆ ಪರಿಶೀಲನೆ ಮಾಡೋ ಸಂಸ್ಥೆ, ಸೀಟು ಕೊಡೋದು ಬಿಡೋದು ವಿಶ್ವವಿದ್ಯಾಲಯದ ತೀರ್ಮಾನ. ಅವರಿಂದ ಕೊರತೆಯ ಸೂಚನೆ ಬಂದ್ರೆ ಗಡುವಿನೊಳಗೆ ಅಲ್ಲೇ ಸರಿಪಡಿಸಿ. ಅಪೀಲ್‌ವರೆಗೆ ಎಳೀಬೇಡಿ.

ಲೆಕ್ಕ ಒಂದು: ಕ್ರೆಡಿಟ್

ನನ್ನದು ಮೊದಲನೇ ಬಗೆ. 'ಗಣಿತದಲ್ಲಿ 25 ಇಸಿಟಿಎಸ್ ಬೇಕು, ನಿಮ್ಮಲ್ಲಿ 24 ಇದೆ' ಅಂತ ಬರೆದಿದ್ರು. ಒಂದೇ ಒಂದು ಕಡಿಮೆ!

ಇಸಿಟಿಎಸ್ ಅಂದ್ರೆ ಯುರೋಪಿನ ಕ್ರೆಡಿಟ್ ಪದ್ಧತಿ. ಪೂರ್ಣಾವಧಿ ಓದಿನ ಒಂದು ವರ್ಷಕ್ಕೆ 60. ಒಂದು ಕ್ರೆಡಿಟ್ ಅಂದ್ರೆ ಸುಮಾರು 25ರಿಂದ 30 ಗಂಟೆಯ ಕೆಲಸ, ಕ್ಲಾಸು, ಲ್ಯಾಬು, ಮನೆಯ ಓದು ಎಲ್ಲ ಸೇರಿ. ನಾಲ್ಕು ವರ್ಷದ ಬಿ.ಇ. ಅಂದ್ರೆ 240. ನನ್ನ ಡಿಗ್ರಿಯ ಒಟ್ಟು ಕ್ರೆಡಿಟ್ 160. ಹಾಗಾದ್ರೆ ನಮ್ಮ ಒಂದು ಕ್ರೆಡಿಟ್‌ಗೆ 240 ÷ 160 = 1.5 ಇಸಿಟಿಎಸ್.

ಅವರು ಮಾಡಿದ ಲೆಕ್ಕ: ಗಣಿತದ ನಾಲ್ಕು ಪೇಪರ್, ತಲಾ 4 ಕ್ರೆಡಿಟ್, ಒಟ್ಟು 16. 16 × 1.5 = 24. ಲೆಕ್ಕ ಸರಿಯಾಗೇ ಇದೆ. ಆದರೆ ಮೂರನೇ ಸೆಮಿಸ್ಟರ್‌ನಲ್ಲಿ ನಾನು ಡಿಸ್ಕ್ರೀಟ್ ಮ್ಯಾಥಮ್ಯಾಟಿಕ್ಸ್ ಓದಿದ್ದೆ, 3 ಕ್ರೆಡಿಟ್. ಅದು ಲೆಕ್ಕಕ್ಕೆ ಬಂದಿರಲಿಲ್ಲ. ಯಾಕೆ ಅಂತ ತಲೆ ಕೆರೆದುಕೊಂಡೆ. ಮಾರ್ಕ್ಸ್ ಕಾರ್ಡ್ ನೋಡಿದಾಗ ಗೊತ್ತಾಯ್ತು: ಉಳಿದ ನಾಲ್ಕರ ಕೋಡ್ ಗಣಿತ ವಿಭಾಗದ್ದು, ಇದರ ಕೋಡ್ ಮಾತ್ರ ಕಂಪ್ಯೂಟರ್ ಸೈನ್ಸ್ ವಿಭಾಗದ್ದು. ಅಲ್ಲಿ ಕೂತು ನೋಡಿದವರು ಅದನ್ನ ಕಂಪ್ಯೂಟರ್ ಸೈನ್ಸ್ ಖಾತೆಗೆ ಹಾಕಿಬಿಟ್ಟಿದ್ರು. ಅದನ್ನ ಸೇರಿಸಿದ್ರೆ 19 × 1.5 = 28.5. ಬೇಕಾಗಿದ್ದು 25.

ಇಲ್ಲೊಂದು ಎಚ್ಚರಿಕೆ. ಪರಿವರ್ತನೆ ಹೇಗೆ ಮಾಡಬೇಕು ಅನ್ನೋದು ಆಯಾ ವಿಶ್ವವಿದ್ಯಾಲಯದ ನಿಯಮ. ಕೆಲವರು ನಮ್ಮ ನಾಲ್ಕು ವರ್ಷವನ್ನ ಅವರ ಮೂರು ವರ್ಷದ ಬ್ಯಾಚುಲರ್‌ಗೆ ಸಮ ಅಂತ ಹಿಡಿದು 180ರಿಂದ ಲೆಕ್ಕ ಹಾಕಬಹುದು. ಆಗ 180 ÷ 160 = 1.125. ಅದೇ 19 ಕ್ರೆಡಿಟ್ ಆಗ 21.4ರ ಹತ್ತಿರ ನಿಲ್ಲುತ್ತೆ, ನನ್ನ ವಾದ ಬಿದ್ದುಹೋಗುತ್ತೆ. ಆದ್ದರಿಂದ ಮೊದಲು ಅವರ ಪ್ರವೇಶ ನಿಯಮಾವಳಿ ಓದಿ. ನಿಮ್ಮ ವಾದ 'ನಿಮ್ಮ ನಿಯಮ ಸರಿಯಿಲ್ಲ' ಅಂತ ಇರಬಾರದು. 'ನಿಮ್ಮ ನಿಯಮದ ಪ್ರಕಾರವೇ ನಾನು ಅರ್ಹ' ಅಂತ ಇರಬೇಕು.

ಲೆಕ್ಕ ಎರಡು: ಗ್ರೇಡ್

ಪಿಜಿಯಲ್ಲಿ ನನ್ನ ರೂಮ್‌ಮೇಟ್ ಬೇರೆ ಕಾಲೇಜಿನವನು, ಮೆಕ್ಯಾನಿಕಲ್. ಅವನದು ಗ್ರೇಡ್ ಸಮಸ್ಯೆ. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಬರೀ ಪಾಸ್. ನಮ್ಮ ಸಿಜಿಪಿಎಯನ್ನ ಅದಕ್ಕೆ ಪರಿವರ್ತಿಸೋಕೆ 'ಮಾರ್ಪಡಿಸಿದ ಬವೇರಿಯನ್ ಸೂತ್ರ' ಬಳಸ್ತಾರೆ:

ಜರ್ಮನ್ ಗ್ರೇಡ್ = 1 + 3 × (ಗರಿಷ್ಠ − ನಿಮ್ಮದು) ÷ (ಗರಿಷ್ಠ − ಕನಿಷ್ಠ ಪಾಸ್)

ಅವನ ಸಿಜಿಪಿಎ 8.0, ಗರಿಷ್ಠ 10. ಕನಿಷ್ಠ ಪಾಸ್ 4 ಅಂತ ಹಿಡಿದ್ರೆ: 1 + 3 × 2 ÷ 6 = 2.0. ಕನಿಷ್ಠ ಪಾಸ್ 5 ಅಂತ ಹಿಡಿದ್ರೆ: 1 + 3 × 2 ÷ 5 = 2.2. ಆ ಕೋರ್ಸಿಗೆ ಬೇಕಾಗಿದ್ದು 2.0. ನೋಡಿ, ಅವನು ನಾಲ್ಕು ವರ್ಷ ಓದಿದ್ದು ಅಷ್ಟೇ, ಬದಲಾಗಿದ್ದು ಛೇದದಲ್ಲಿರೋ ಒಂದು ಅಂಕಿ. ಅದರಲ್ಲೇ ಸೀಟು ಹೋಗಿತ್ತು.

ಅವನ ಕಾಲೇಜಿನ ರೆಗ್ಯುಲೇಷನ್ ಪುಸ್ತಕದಲ್ಲಿ ಪಾಸ್‌ಗೆ 4 ಅಂತ ಸ್ಪಷ್ಟವಾಗಿತ್ತು, ಒಟ್ಟು ಸಿಜಿಪಿಎಗೆ ಬೇರೆ ಮಿತಿ ಇರಲಿಲ್ಲ. ಪರೀಕ್ಷಾ ವಿಭಾಗದಿಂದ ಅದನ್ನೇ ಒಂದು ಪತ್ರದಲ್ಲಿ ಬರೆಸಿ, ಸೀಲ್ ಹಾಕಿಸಿ ಕಳಿಸಿದ. ಆದರೆ ಎಲ್ಲ ಕಡೆ ಹೀಗಿರಲ್ಲ. ಒಂದೊಂದು ಪೇಪರ್ ಪಾಸಾಗೋಕೆ 4 ಸಾಕು, ಡಿಗ್ರಿ ಸಿಗೋಕೆ ಒಟ್ಟು ಸಿಜಿಪಿಎ 5 ಇರಬೇಕು ಅನ್ನೋ ನಿಯಮವೂ ಇರುತ್ತೆ. ಅಂಥ ಕಡೆ 5 ಹಿಡಿದದ್ದು ತಪ್ಪು ಅಂತ ವಾದ ಮಾಡೋದು ಕಷ್ಟ. ನಿಮ್ಮ ಸ್ಕೀಮಿನ ರೆಗ್ಯುಲೇಷನ್‌ನಲ್ಲಿ ಏನಿದೆ ಅಂತ ಇವತ್ತೇ ತೆಗೆದು ನೋಡಿ. ನಮ್ಮಲ್ಲಿ ಎಷ್ಟು ಜನ ಅದನ್ನ ಒಮ್ಮೆಯಾದ್ರೂ ಓದಿದ್ದೀವಿ?

ಪತ್ರ ಬರೆಯೋದು

ಅಕ್ಕ ನನಗೆ ಹೇಳಿಕೊಟ್ಟ ಪತ್ರದ ಆಕಾರ ಹೀಗಿತ್ತು:

ಮೇಲೆ ನಿಮ್ಮ ಹೆಸರು, ವಿಳಾಸ, ಅರ್ಜಿ ಸಂಖ್ಯೆ, ಕೋರ್ಸಿನ ಹೆಸರು, ಆದೇಶದ ದಿನಾಂಕ.

ಮೊದಲ ಸಾಲು: 'ಈ ದಿನಾಂಕದ ಆದೇಶದ ವಿರುದ್ಧ ಆಕ್ಷೇಪಣೆ ಸಲ್ಲಿಸುತ್ತಿದ್ದೇನೆ.' ಜರ್ಮನ್‌ನಲ್ಲಿ ಇದರ ರೂಢಿಯ ಮಾತು 'ಹೀರ್‌ಮಿಟ್ ಲೇಗೆ ಇಖ್ ವೀಡರ್‌ಶ್ಪ್ರುಖ್ ಐನ್'. ಈ ಸಾಲು ಇದ್ರೆ ಅದು ಆಕ್ಷೇಪಣೆ ಅನ್ನೋದರಲ್ಲಿ ಯಾರಿಗೂ ಅನುಮಾನ ಇರಲ್ಲ.

ನಂತರ: ಆದೇಶದಲ್ಲಿ ಕೊಟ್ಟ ಕಾರಣ. ಅವರ ನಿಯಮಾವಳಿಯ ಯಾವ ಕಲಂ. ನನ್ನ ದಾಖಲೆಯಲ್ಲಿ ಎಲ್ಲಿ, ಯಾವ ಪುಟದಲ್ಲಿ ಅದಕ್ಕೆ ಉತ್ತರ ಇದೆ. ಲೆಕ್ಕದ ಒಂದು ಚಿಕ್ಕ ಪಟ್ಟಿ: ವಿಷಯ, ಕ್ರೆಡಿಟ್, ಇಸಿಟಿಎಸ್, ಸಿಲಬಸ್‌ನ ಸಾರ.

ಕೊನೆಗೆ: ಏನು ಬೇಕು ಅನ್ನೋದು. 'ಆದೇಶ ರದ್ದು ಮಾಡಿ ನನ್ನ ಅರ್ಜಿಯನ್ನ ಮರುಪರಿಶೀಲಿಸಬೇಕು.' ಸಹಿ. ಲಗತ್ತುಗಳ ಪಟ್ಟಿ.

ಒಟ್ಟು ಒಂದು ಪುಟ. ಅಪ್ಪನ ಗಿರಣಿ ಅದರಲ್ಲಿ ಬರಲ್ಲ. ಇದು ನನಗೆ ಮೊದಲು ಬೇಜಾರಾಯ್ತು. ಆದರೆ ಯೋಚನೆ ಮಾಡಿ: ಅಲ್ಲಿ ಕೂತಿರೋ ಅಧಿಕಾರಿಗೆ ಕನಿಕರಕ್ಕೆ ಸೀಟು ಕೊಡೋ ಅಧಿಕಾರವೇ ಇಲ್ಲ. ತಪ್ಪು ತಿದ್ದೋ ಅಧಿಕಾರ ಇದೆ. ಅವರು ತಿದ್ದೋಕೆ ಅನುಕೂಲ ಆಗೋ ಹಾಗೆ ನಾವು ಬರೀಬೇಕು.

ಭಾಷೆ? ಕೋರ್ಸು ಇಂಗ್ಲಿಷ್‌ನಲ್ಲಿದ್ರೂ ಕಚೇರಿಯ ಅಧಿಕೃತ ಭಾಷೆ ಜರ್ಮನ್. ಜರ್ಮನ್‌ನಲ್ಲೇ ಬರೆಯೋದು ಕ್ಷೇಮ, ಕ್ಲಾಸಿನ ಟೀಚರ್ ಹತ್ತಿರ ಒಮ್ಮೆ ತಿದ್ದಿಸಿಕೊಳ್ಳಿ. ಸಮಯ ಇಲ್ಲದಿದ್ರೆ ಇನ್ನೊಂದು ಅನುಕೂಲ ಇದೆ: ಆಕ್ಷೇಪಣೆಯನ್ನ ಗಡುವಿನೊಳಗೆ ಸಲ್ಲಿಸಿ, 'ಕಾರಣಗಳನ್ನ ಪ್ರತ್ಯೇಕವಾಗಿ ಕಳಿಸುತ್ತೇನೆ' ಅಂತ ಬರೆದು ವಿವರವನ್ನ ಆಮೇಲೆ ಕೊಡಬಹುದು.

ಕಳಿಸೋದು: ನಾನು ಎಡವಿದ ಜಾಗ

ನನ್ನ ಆದೇಶದ ದಿನಾಂಕ ಆಗಸ್ಟ್ 8. ಆಗಸ್ಟ್ 13ಕ್ಕೆ ಆ ಮೂರು ಪುಟದ ಮೇಲ್ ಕಳಿಸಿ, ಆಮೇಲೆ ಅಕ್ಕನ ಮಾತು ಕೇಳಿ ಎರಡು ದಿನದಲ್ಲಿ ಸರಿಯಾದ ಪತ್ರವನ್ನೂ ಮೇಲ್ ಮಾಡಿದೆ. 'ಪತ್ರ ಹೋಯ್ತು' ಅಂತ ನಿಶ್ಚಿಂತೆಯಾಗಿದ್ದೆ. ಆಗಸ್ಟ್ 27ಕ್ಕೆ ಎರಡು ಸಾಲಿನ ಉತ್ತರ ಬಂತು: ಸಾದಾ ಇ-ಮೇಲ್‌ನಲ್ಲಿ ಬಂದ ಆಕ್ಷೇಪಣೆ ಕಾನೂನಿನ ರೂಪದಲ್ಲಿ ಇಲ್ಲ, ಸಹಿ ಮಾಡಿದ ಪತ್ರ ಬೇಕು.

ಇದು ಎರಡನೇ ಪುಟದಲ್ಲಿ ಇತ್ತು. 'ಲಿಖಿತವಾಗಿ' ಅಂತ ಇತ್ತು. ನಮ್ಮ ತಲೆಯಲ್ಲಿ ಮೇಲ್ ಕೂಡ ಲಿಖಿತವೇ! ಅಲ್ಲಿನ ಕಾನೂನಿನಲ್ಲಿ ಲಿಖಿತ ಅಂದ್ರೆ ಸಹಿ ಇರೋ ಕಾಗದ, ಇಲ್ಲವೇ ಕಾನೂನು ಒಪ್ಪಿದ ವಿಶೇಷ ಎಲೆಕ್ಟ್ರಾನಿಕ್ ರೂಪ. ಉಳಿದದ್ದು ಹನ್ನೆರಡು ದಿನ. ಎಚ್‌ಒಡಿ ಸರ್ ಅವತ್ತು ಊರಲ್ಲಿರಲಿಲ್ಲ. ಸಿಲಬಸ್ ಪ್ರತಿಗೆ ಅವರ ಸಹಿ ಬೇಕಿತ್ತು. ಬೆಳಿಗ್ಗೆ ಬಸ್ ಹತ್ತಿ ಕಾಲೇಜಿಗೆ ಬಂದು, ಮಾರನೇ ದಿನ ಅವರು ಬರೋವರೆಗೂ ಲೈಬ್ರರಿ ಮೆಟ್ಟಿಲ ಮೇಲೆ ಕೂತಿದ್ದೆ. ಆಗಸ್ಟ್ 29ಕ್ಕೆ ಕೊರಿಯರ್ ಮಾಡಿದೆ. ಸೆಪ್ಟೆಂಬರ್ 3ಕ್ಕೆ ತಲುಪಿತು. ತಲುಪಿದ ರಸೀದಿ ಇನ್ನೂ ನನ್ನ ಹತ್ತಿರ ಇದೆ.

ಅದೇ ದಿನಗಳಲ್ಲಿ ಒಬ್ಬ ಕನ್ಸಲ್ಟೆಂಟ್ ಫೋನ್ ಮಾಡಿ, "15 ಸಾವಿರ ಕೊಡಿ, ಅಪೀಲ್ ನಾವು ನೋಡ್ಕೋತೀವಿ, ಸೀಟು ಗ್ಯಾರಂಟಿ" ಅಂದಿದ್ದ. ಅಪ್ಪ ಕೊಡೋಕೂ ತಯಾರಿದ್ರು. ಮೇಲ್ಮನವಿಯಲ್ಲಿ ಗ್ಯಾರಂಟಿ ಅನ್ನೋ ಮಾತು ಹೇಳೋರಿಗೆ ಮೇಲ್ಮನವಿ ಗೊತ್ತಿಲ್ಲ ಅಂತಲೇ ಅರ್ಥ. ಸೋತ ಆಕ್ಷೇಪಣೆಗೆ ವಿಶ್ವವಿದ್ಯಾಲಯವೇ ಶುಲ್ಕ ಕೇಳಬಹುದು, ಅದನ್ನೂ ತಿಳಿದುಕೊಂಡಿರಿ. ಆಕ್ಷೇಪಣೆ ಸೋತ ಮೇಲೆ ಒಂದು ತಿಂಗಳಲ್ಲಿ ಆಡಳಿತ ನ್ಯಾಯಾಲಯಕ್ಕೆ ಹೋಗಬಹುದು. ಆದರೆ ವಕೀಲರು, ಖರ್ಚು, ಕಾಲ ಎಲ್ಲ ನೋಡಿದ್ರೆ ನಮ್ಮಂಥವರಿಗೆ ದಾರಿ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತೆ.

ಬೇರೆ ದೇಶಗಳಲ್ಲಿ ಹೇಗೆ?

ಬ್ರಿಟನ್‌ನಲ್ಲಿ ಪ್ರತಿ ವಿಶ್ವವಿದ್ಯಾಲಯಕ್ಕೂ ತನ್ನದೇ ನಿಯಮ. ಪ್ರಾಧ್ಯಾಪಕರ ಶೈಕ್ಷಣಿಕ ತೀರ್ಮಾನವನ್ನ ಪ್ರಶ್ನಿಸೋ ಹಾಗಿಲ್ಲ, ವಿಧಾನದಲ್ಲಿ ತಪ್ಪಾಗಿದ್ರೆ ಕೇಳಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಿದ್ಯಾರ್ಥಿಗಳ ದೂರು ನೋಡೋ ಸ್ವತಂತ್ರ ಸಂಸ್ಥೆ ಒಂದಿದೆ, ಆದರೆ ಪ್ರವೇಶದ ದೂರು ಅದರ ವ್ಯಾಪ್ತಿಗೆ ಬರಲ್ಲ. ಇನ್ನೊಂದು ದಾರಿ: ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನಿನ ಪ್ರಕಾರ ನಿಮ್ಮ ಬಗ್ಗೆ ಅವರಲ್ಲಿರೋ ಮಾಹಿತಿ ಕೇಳಿದ್ರೆ, ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಉತ್ತರ ಕೊಡಬೇಕು.

ಅಮೆರಿಕದಲ್ಲಿ ಎಂ.ಎಸ್. ಸೀಟನ್ನ ತೀರ್ಮಾನಿಸೋದು ಹೆಚ್ಚಾಗಿ ಆಯಾ ಡಿಪಾರ್ಟ್‌ಮೆಂಟಿನ ಸಮಿತಿ, ಬಹಳ ಕಡೆ ಅದೇ ಅಂತಿಮ. ವಿದ್ಯಾರ್ಥಿ ದಾಖಲೆಗಳನ್ನ ನೋಡೋ ಹಕ್ಕು ಕೊಡುವ 'ಫರ್ಪಾ' ಕಾನೂನು ಕೂಡ ಸೇರದೇ ಇದ್ದವರಿಗೆ ಅನ್ವಯಿಸಲ್ಲ. ಹೊಸ, ಗಟ್ಟಿಯಾದ ಮಾಹಿತಿ ಇದ್ದರೆ ಮಾತ್ರ ಮನವಿ ನೋಡ್ತೀವಿ ಅನ್ನೋದು ಅಪೀಲ್ ಸ್ವೀಕರಿಸೋ ಕಡೆಯ ಸಾಮಾನ್ಯ ಮಾತು. ಅಲ್ಲಿ ಸಿಟ್ಟಿನ ಮೇಲ್ ಬರೆಯೋದಕ್ಕಿಂತ 'ಮುಂದಿನ ವರ್ಷಕ್ಕೆ ಏನು ಸುಧಾರಿಸಿಕೊಳ್ಳಲಿ?' ಅಂತ ಕೇಳೋದು ಹೆಚ್ಚು ಕೆಲಸಕ್ಕೆ ಬರುತ್ತೆ.

ಕೊನೆಗೆ ಏನಾಯ್ತು?

ರೂಮ್‌ಮೇಟ್ ಗೆದ್ದ. ಅವನ ಗ್ರೇಡ್ ತಿದ್ದಿ ಪ್ರವೇಶ ಪತ್ರ ಕಳಿಸಿದ್ರು. ಎಪಿಎಸ್ ಸರ್ಟಿಫಿಕೇಟ್ ಮೊದಲೇ ಕೈಯಲ್ಲಿದ್ದಿದ್ದರಿಂದ ವೀಸಾ ಕೆಲಸವೂ ಆಯ್ತು.

ನನ್ನದು? ಡಿಸ್ಕ್ರೀಟ್ ಮ್ಯಾಥಮ್ಯಾಟಿಕ್ಸನ್ನ ಒಪ್ಪಿಕೊಂಡ್ರು. 28.5 ಅಂತ ಅವರೇ ಬರೆದ್ರು. ಅದರಿಂದ ನನ್ನ ಅರ್ಜಿ ಮುಂದಿನ ಹಂತಕ್ಕೆ, ಯೋಗ್ಯತಾ ಮೌಲ್ಯಮಾಪನಕ್ಕೆ ಹೋಯ್ತು. ಅಲ್ಲಿ ಎರಡು ಅಂಕ ಕಡಿಮೆ ಬಂತು. ಮತ್ತೆ 'ವಿಷಾದದಿಂದ ತಿಳಿಸುತ್ತೇವೆ'. ಈ ಸಲ ಎರಡನೇ ಪುಟವನ್ನೂ ಪೂರ್ತಿ ಓದಿದೆ. ಪ್ರಶ್ನಿಸೋಕೆ ಏನೂ ಇರಲಿಲ್ಲ. ಅವತ್ತು ಸಂಜೆ ಅಪ್ಪನಿಗೆ ಎಲ್ಲ ಹೇಳಿದೆ, ಆಗಸ್ಟ್‌ನಲ್ಲಿ ಸುಳ್ಳು ಹೇಳಿದ್ದೂ ಸೇರಿ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಪೇಪರ್ ಲೆಕ್ಕ ಸರಿ ಮಾಡಿಸಿದೆಯಲ್ಲ, ಅದು ಬಿಡು" ಅಂದ್ರು. ನಂತರ ಗಿರಣಿ ಬೆಲ್ಟ್ ಹಾಕೋಕೆ ಎದ್ದು ಹೋದ್ರು.

ಅಪೀಲ್‌ಗೆ ಅಂತ ಮಾಡಿದ ಆ ಸಿಲಬಸ್ ಕಟ್ಟು, ಸಹಿ, ಸೀಲು, ಇಸಿಟಿಎಸ್ ಪಟ್ಟಿ ಎಲ್ಲ ಹಾಗೇ ಇತ್ತು. ಅದನ್ನೇ ಲಗತ್ತಿಸಿ ಬೇರೆ ವಿಶ್ವವಿದ್ಯಾಲಯಕ್ಕೆ ಬೇಸಿಗೆ ಸೆಮಿಸ್ಟರ್‌ಗೆ ಅರ್ಜಿ ಹಾಕಿದೆ. ಕ್ರೆಡಿಟ್ ಬಗ್ಗೆ ಒಂದೂ ಪ್ರಶ್ನೆ ಬರಲಿಲ್ಲ. ಈಗ ಈ ಲೇಖನವನ್ನ ಅಲ್ಲಿನ ಹಾಸ್ಟೆಲ್ ಕೋಣೆಯಿಂದಲೇ ಬರೀತಿದ್ದೀನಿ.

ಈಗಲೇ ಮಾಡಿಟ್ಟುಕೊಳ್ಳಿ

• ನಿಮ್ಮ ಸ್ಕೀಮಿನ ರೆಗ್ಯುಲೇಷನ್ ಮತ್ತು ಎಂಟೂ ಸೆಮಿಸ್ಟರ್‌ನ ಸಿಲಬಸ್ ಪಿಡಿಎಫ್ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಸ್ಕೀಮ್ ಬದಲಾದ ಮೇಲೆ ಹಳೆಯದನ್ನ ಹುಡುಕೋದು ಕಷ್ಟ.
• ಹೆಸರು ಅಥವಾ ಕೋಡ್‌ನಿಂದ ವಿಷಯ ಗೊತ್ತಾಗದ ಪೇಪರ್‌ಗಳ ಪಟ್ಟಿ ಮಾಡಿ. ಒಂದೇ ಪೇಪರ್‌ನಲ್ಲಿ ಎರಡು ವಿಷಯ ಇದ್ರೆ ಯಾವುದಕ್ಕೆ ಎಷ್ಟು ಗಂಟೆ ಅಂತ ಬರೆದಿಡಿ.
• ಅದಕ್ಕೆ ಎಚ್‌ಒಡಿ ಸಹಿ, ಸೀಲು ಕ್ಯಾಂಪಸ್ಸಿನಲ್ಲಿ ಇರುವಾಗಲೇ ಹಾಕಿಸಿಕೊಳ್ಳಿ.
• ಕನಿಷ್ಠ ಪಾಸ್ ಗ್ರೇಡ್ ಎಷ್ಟು ಅಂತ ಪರೀಕ್ಷಾ ವಿಭಾಗದಿಂದ ಒಂದು ಪತ್ರ ತಗೊಳ್ಳಿ.
• ಅಪ್‌ಲೋಡ್ ಮಾಡಿದ ಪ್ರತಿ ದಾಖಲೆಯ ಸ್ಕ್ರೀನ್‌ಶಾಟ್ ದಿನಾಂಕ ಕಾಣೋ ಹಾಗೆ ಇಟ್ಟುಕೊಳ್ಳಿ.
• ಪತ್ರ ಬಂದ ದಿನವೇ ಕ್ಯಾಲೆಂಡರ್‌ನಲ್ಲಿ ಗಡುವು ಗುರುತು ಹಾಕಿ. ಪತ್ರದ ಮೇಲಿನ ದಿನಾಂಕದಿಂದಲೇ ಎಣಿಸಿದ್ರೆ ಮೋಸ ಇಲ್ಲ.

ಇಷ್ಟೆಲ್ಲ ಮಾಡಿದ ಮೇಲೂ 'ಇಲ್ಲ' ಬರಬಹುದು. ಬಂದಾಗ ನಾನು ಮಾಡಿದ ಹಾಗೆ ಫೋನ್ ಜೇಬಿಗೆ ಹಾಕಿಕೊಳ್ಳಬೇಡಿ. ಒಂದು ಲೋಟ ನೀರು ಕುಡಿದು, ಎರಡನೇ ಪುಟ ತೆಗೆಯಿರಿ.